ಸೋತ ದಂಡಿಗೆ ಪ್ರಾಯೋಜಕರು ಬೇಕಾಗಿದ್ದಾರೆ

ದಂಡಿನಮಡ್ಡಿಯ ಕಾಳಗದಲ್ಲಿ ಗೆದ್ದವರು ಯಾರು, ಊಹಿಸಿ ನೋಡ್ರಿ. ಮೇಲಿನ ವಾಡೆಯ ದೇಸಾಯಿ ಅಂದಿರಾ? ತಪ್ಪು. ಹಾಗಾದರೆ ಕೆಳಗಿನ ವಾಡೆಯ ದೇಸಾಯಿ? ಅದೂ ತಪ್ಪು. ನಾನೂರು ವರ್ಷದ ಹಿಂದಿನ ಕಾಳಗ, ಇಷ್ಟೊತ್ತಿಗೆ ಫಲಿತಾಂಶ ಎಲ್ಲರಿಗೂ ಗೊತ್ತಿರಬೇಕಲ್ಲ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೆ ಫಲಿತಾಂಶ ಗೊತ್ತಿರುವುದು ಬೇರೆ, ಅದು ಅಧಿಕೃತವಾಗಿ ಪ್ರಕಟವಾಗುವುದು ಬೇರೆ. ಪ್ರಕಟವಾದದ್ದು ಇತ್ತೀಚೆಗೆ, ಶಾಮಿಯಾನದ ಕೆಳಗೆ, ಧ್ವನಿವರ್ಧಕದಲ್ಲಿ.

ದಂಡಿನಮಡ್ಡಿ ಎಂಬುದು ಹೂವಿನ ಹಿಪ್ಪರಗಿಯ ಆಚೆ ಇರುವ ಒಂದು ಕಲ್ಲುಮಡ್ಡಿ, ಬರಡು ದಿಣ್ಣೆ. ಜಾಲಿಯನ್ನು ಬಿಟ್ಟರೆ ಅಲ್ಲಿ ಬೆಳೆಯುವುದು ಇತಿಹಾಸ ಒಂದೇ. ಅಣ್ಣತಮ್ಮಂದಿರ ಮಕ್ಕಳಾದ ಇಬ್ಬರು ದೇಸಾಯಿಗಳು ಒಂದು ಹಳ್ಳದ ನೀರಿನ ಸಲುವಾಗಿ ದಂಡು ಕಟ್ಟಿಕೊಂಡು ಅಲ್ಲಿ ಬಡಿದಾಡಿದರು. ಮೇಲಿನ ವಾಡೆಯವರು ಗೆದ್ದರು, ಕೆಳಗಿನ ವಾಡೆಯವರು ಓಡಿದರು. ಸೋತ ದಂಡಿನಲ್ಲಿ ಓಡದೆ ನಿಂತವನು ಬರಮಣ್ಣನೆಂಬ ಒಬ್ಬನೇ ಬಂಟ. ಅವನಿಗೊಂದು ವೀರಗಲ್ಲು ನಿಲ್ಲಿಸಿದ್ದಾರೆ. ಅದರ ಮೇಲೆ ‘ಬರಮ ಓಡದೆ ಬಿದ್ದ’ ಎಂದು ಕೆತ್ತಿದೆ. ಗೆದ್ದವರ ಬಗ್ಗೆ ಒಂದಕ್ಷರವೂ ಇಲ್ಲ. ಬಹುಶಃ ಅವರಿಗೆ ಗೆದ್ದ ಮೇಲೆ ಬೇರೆ ಕೆಲಸವಿತ್ತು.

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ರಾಚಪ್ಪ ಮಾಸ್ತರಿಗೆ ಈ ಕಲ್ಲೆಂದರೆ ಜೀವ. ಮಡ್ಡಿಯ ಮೇಲೆ ‘ಸಂರಕ್ಷಿತ ರಣಭೂಮಿ’ ಎಂಬ ಫಲಕವೊಂದು ಎದ್ದು ನಿಂತರೆ ತಮ್ಮ ನೌಕರಿ ಸಾರ್ಥಕವಾಯಿತೆಂದು ಅವರು ತಿಳಿದಿದ್ದರು. ಆದರೆ ಮಡ್ಡಿ ಸರಕಾರದ್ದು. ಸರಕಾರ ಅಲ್ಲಿ ಉಳ್ಳಾಗಡ್ಡಿ ಗೋದಾಮು ಕಟ್ಟಲು ನಿರ್ಧರಿಸಿತ್ತು. ಕಟ್ಟುವ ಗುತ್ತಿಗೆ ಈ ಭಾಗದ ಅಧಿಕಾರಿಗಳಾದ ಅನೀಲಕುಮಾರ ಸಾಹೇಬರ ಅಳಿಯನಿಗೆ ಸಿಕ್ಕಿತ್ತು. ಟೆಂಡರು ಕರೆಯುವ ಮೊದಲೇ ಸಿಕ್ಕದ್ದು ಆಡಳಿತದ ಚುರುಕುತನವನ್ನು ತೋರಿಸುತ್ತದೆಯೇ ಹೊರತು ಬೇರೇನನ್ನೂ ಅಲ್ಲ.

ರಾಚಪ್ಪ ಮಾಸ್ತರು ಅರ್ಜಿ ಹಿಡಿದು ಹೋದರು. ಸಾಹೇಬರು ಇತಿಹಾಸಪ್ರೇಮಿಗಳು. ಚಹಾ ತರಿಸಿದರು.

“ಮಾಸ್ತರ್ರ, ನಾ ಅಡ್ಡ ಬರಾಂವಲ್ಲ. ಆದ್ರ ನಿಯಮ ಐತಲ್ರಿ. ರಣಭೂಮಿ ಅನಿಸಿಕೋಬೇಕಂದ್ರ ಅಲ್ಲಿ ಉತ್ಸವ ಆಗಬೇಕು. ಉತ್ಸವ ಆಗಬೇಕಂದ್ರ ಕಾಳಗದ ಪ್ರದರ್ಶನ ಆಗಬೇಕು. ಕಾಳಗಕ್ಕ ಎರಡ ದಂಡು ಬೇಕು. ಎರಡೂ ದಂಡಿಗಿ ಸ್ಥಳೀಯ ವ್ಯಾಪಾರಸ್ಥರು ಪ್ರಾಯೋಜಕರಾಗಿರಬೇಕು.”

“ಒಂದ ದಂಡಿಗಿ ಸಿಕ್ಕು, ಇನ್ನೊಂದಕ್ಕ ಸಿಗಲಿಲ್ಲಂದ್ರ ಏನ ಮಾಡೂದ್ರಿ ಸಾಹೇಬ್ರ?”

“ಒಂದ ದಂಡಂದ್ರ ಅದು ಕಾಳಗ ಅಲ್ರಿ, ಮೆರವಣಿಗಿ. ಮೆರವಣಿಗಿ ಗೋದಾಮಿನ ಮುಂದ ಹಾದ ಹೋಗಬಹುದು. ಅದಕ್ಕ ನಮ್ಮ ತಕರಾರಿಲ್ಲ.”

ಮಾಸ್ತರು ಮರುದಿನವೇ ಬಸ್ಸು ಹತ್ತಿದರು. ಮೊದಲು ಇಂಡಿ. ಅಲ್ಲಿ ನಿಂಬೆಹಣ್ಣಿನ ದೊಡ್ಡ ವ್ಯಾಪಾರಿ ಮಲ್ಲಣ್ಣ, ಹಣ್ಣಿನ ರಾಶಿಯ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ. ರಣಭೂಮಿ ಎಂದ ಕೂಡಲೇ ಎದ್ದು ನಿಂತ.

“ಗೆದ್ದ ದಂಡು ನಂದ್ರಿ! ಬರಕೋರಿ.”

“ಗೆದ್ದವರಿಗಿ ಹ್ಯಾಂಗೂ ಮಂದಿ ಸಿಗತಾರ ಮಲ್ಲಣ್ಣ. ನೀ ಸ್ವಲ್ಪ ದೊಡ್ಡ ಮನಸ ಮಾಡಿ ಸೋತ ದಂಡಿಗಿ...”

“ಏ, ಏನ ಮಾತಾಡತೀರಿ ಮಾಸ್ತರ? ದೃಷ್ಟಿ ಆಗಬಾರದಂತ ಮಂದಿ ನನ್ನ ಹಣ್ಣು ಗಾಡಿಗಿ ಕಟ್ಟತಾರ, ಬಾಗಲಕ್ಕ ಕಟ್ಟತಾರ. ನನ್ನ ಹೆಸರಿನ ದಂಡು ಸೋತು ಓಡೂದ ನೋಡಿದ ಮ್ಯಾಲ ಯಾವ ಡ್ರೈವರ್ ಕಟ್ಟತಾನ್ರಿ?”

ಮಾತಿನಲ್ಲಿ ಅರ್ಥವಿತ್ತು. ಮಾಸ್ತರು ಸಿಂದಗಿಗೆ ಹೋದರು. ಅಲ್ಲಿ ಕೋಚಿಂಗ್ ಕ್ಲಾಸು ನಡೆಸುವ ಸಂಜೀವಕುಮಾರ ಅವರದೇ ಹಳೆಯ ಶಿಷ್ಯ. ಕಾಲಿಗೆ ನಮಸ್ಕಾರ ಮಾಡಿದ, ನಂತರ ನಿರಾಕರಿಸಿದ.

“ಸೋಲು ಅನ್ನೂ ಶಬ್ದಾನ ನಮ್ಮ ಕ್ಲಾಸಿನ್ಯಾಗ ಇಲ್ರಿ ಸರ. ಆದ್ರೂ ನೀವು ಬಂದೀರಂತ ಒಂದ ಕಂಡೀಶನ್ ಮ್ಯಾಲ ಒಪ್ಪತೇನಿ. ಸೋತ ಸೈನಿಕರ ಬೆನ್ನಿಗಿ ‘ಇವರು ನಮ್ಮ ಕ್ಲಾಸಿಗೆ ಸೇರಿರಲಿಲ್ಲ’ ಅಂತ ಬೋರ್ಡ ಕಟ್ಟರಿ. ಮುಂದಿನ ತಿಂಗಳ ಅವರಿಗಿ ಇನ್ನೊಂದ ಕಾಳಗ ಇಡರಿ, ಸಪ್ಲಿಮೆಂಟರಿ. ಅದರಾಗ ನಾ ಪಾಸ್ ಮಾಡಸ್ತೇನಿ.”

ಒಂದೇ ಆರ್ಥಿಕ ವರ್ಷದಲ್ಲಿ ಒಂದೇ ಮಡ್ಡಿಯ ಮೇಲೆ ಎರಡು ಕಾಳಗಗಳಿಗೆ ಅವಕಾಶವಿಲ್ಲವೆಂದು ಸಾಹೇಬರು ಫೋನಿನಲ್ಲಿ ತಿಳಿಸಿದರು. ಮಾಸ್ತರು ಮುದ್ದೇಬಿಹಾಳಕ್ಕೆ ಹೋದರು. ಟ್ರ್ಯಾಕ್ಟರ್ ಶೋರೂಮಿನ ಜೈನುದ್ದೀನ ಸಾಹೇಬರು ಕಥೆಯನ್ನೆಲ್ಲ ಸಮಾಧಾನದಿಂದ ಕೇಳಿ ನಿಟ್ಟುಸಿರುಬಿಟ್ಟರು.

“ಬಾಳ ಕೆಟ್ಟ ಅನಸ್ತೈತ್ರಿ ಮಾಸ್ತರ. ಆದ್ರ ನೀವ ಹೇಳ್ರಿ, ರಿವರ್ಸ್ ಗೇರಿಗಿ ಯಾರರ ಜಾಹೀರಾತ ಕೊಡತಾರೇನು? ಮುಂದ ಹೋಗೂ ದಂಡಿಗಿ ನನ್ನ ಹೆಸರ ಹಾಕ್ರಿ.”

ಬಸವನ ಬಾಗೇವಾಡಿಯ ಜವಳಿ ಅಂಗಡಿಯ ವಿದ್ಯಾವತಿ ಅಕ್ಕಾರಂತೂ ಗೆದ್ದ ದಂಡಿಗೆ ಪೇಟಗಳ ಬಣ್ಣವನ್ನೇ ಆರಿಸಿ ಇಟ್ಟಿದ್ದರು. ಸುದ್ದಿ ಮಾಸ್ತರಿಗಿಂತ ಮೊದಲಿನ ಬಸ್ಸಿಗೆ ಬಂದಿತ್ತು.

ಹೀಗಾಗಿ ಗೆದ್ದ ದಂಡಿಗೆ ನಾಲ್ಕು ತಾಲ್ಲೂಕಿನ ನಾಲ್ವರು ಪ್ರಾಯೋಜಕರಾದರು. ಸೋತ ದಂಡು ನಾನೂರು ವರ್ಷದ ಹಿಂದೆ ಇದ್ದದ್ದಕ್ಕಿಂತ ಹೀನಾಯ ಸ್ಥಿತಿಗೆ ಬಂತು. ಮಾಸ್ತರು ಎದೆಗುಂದದೆ ಬಸ್ ಸ್ಟ್ಯಾಂಡುಗಳಲ್ಲಿ ಒಂದು ಪ್ರಕಟಣೆ ಅಂಟಿಸಿದರು:

‘ಸೋತ ದಂಡಿಗೆ ಪ್ರಾಯೋಜಕರು ಬೇಕಾಗಿದ್ದಾರೆ. ಪೂರ್ವಾನುಭವ ಅಗತ್ಯವಿಲ್ಲ. ಪ್ರಾಯೋಜಕರ ಹೆಸರನ್ನು ಓಡಿಹೋಗುವವರ ಬೆನ್ನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಲಾಗುವುದು. ಗೆದ್ದವರ ಬೆನ್ನು ಪ್ರೇಕ್ಷಕರಿಗೆ ಕಾಣುವುದಿಲ್ಲವಾದ್ದರಿಂದ ಇದೊಂದು ವಿಶೇಷ ಅವಕಾಶವೆಂದು ತಿಳಿಯತಕ್ಕದ್ದು.’

ಬಂದವನು ಒಬ್ಬನೇ. ಪ್ರತಿ ಸಲವೂ ಪಂಚಾಯಿತಿ ಚುನಾವಣೆಗೆ ನಿಂತು ಸೋತವನು. ಸೋಲಿನ ಬಗ್ಗೆ ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ಆದರೆ ಪ್ರಾಯೋಜಕರು ವ್ಯಾಪಾರಸ್ಥರೇ ಆಗಿರಬೇಕೆಂದು ನಿಯಮವಿದೆ, ನೀನು ರಾಜಕಾರಣಿ ಎಂದು ಕಚೇರಿಯವರು ವಾಪಸು ಕಳಿಸಿದರು. ಅವನು ಗೆದ್ದಿದ್ದರೆ ವ್ಯಾಪಾರಸ್ಥನೆಂದು ಪರಿಗಣಿಸಬಹುದಿತ್ತಂತೆ.

ಈ ನಡುವೆ ನಾಲ್ವರೂ ಪ್ರಾಯೋಜಕರು ತಮ್ಮ ಹೆಸರಿನ ಸ್ವಾಗತ ಕಮಾನುಗಳಿಗೆ ಬಣ್ಣ ಬಳಿಸಿಯಾಗಿತ್ತು. ಕಾರ್ಯಕ್ರಮ ರದ್ದಾಗುತ್ತದೆಂಬ ಸುದ್ದಿ ಕೇಳಿ ಒಂದೇ ಗಾಡಿಯಲ್ಲಿ ಅನೀಲಕುಮಾರ ಸಾಹೇಬರ ಕಡೆಗೆ ಹೋದರು. ನಾಲ್ಕು ತಾಲ್ಲೂಕಿನ ವ್ಯಾಪಾರಸ್ಥರನ್ನು ಒಟ್ಟಿಗೆ ಎದುರು ಹಾಕಿಕೊಳ್ಳುವಷ್ಟು ಧೈರ್ಯ ನಿವೃತ್ತಿ ಹತ್ತಿರ ಬಂದ ಯಾವ ಅಧಿಕಾರಿಗೂ ಇರುವುದಿಲ್ಲ. ಸಾಹೇಬರು ಅರ್ಧ ದಿನ ಯೋಚಿಸಿ ಸುತ್ತೋಲೆ ಹೊರಡಿಸಿದರು:

‘ದಂಡಿನಮಡ್ಡಿ ಕಾಳಗಕ್ಕೆ ಸಂಬಂಧಿಸಿದ ಕಾಗದಪತ್ರಗಳಲ್ಲಿ “ಸೋತ” ಎಂದಿರುವಲ್ಲೆಲ್ಲ “ಸಮವಿಜೇತ” ಎಂದು ಓದಿಕೊಳ್ಳತಕ್ಕದ್ದು. “ಓಡಿಹೋದರು” ಎಂಬಲ್ಲಿ “ಮುಂದಿನ ಕಾರ್ಯಕ್ರಮಕ್ಕೆ ತೆರಳಿದರು” ಎಂದು ಓದಿಕೊಳ್ಳತಕ್ಕದ್ದು. ಈ ತಿದ್ದುಪಡಿಯು ಕಾಳಗ ನಡೆದ ದಿನದಿಂದಲೇ ಜಾರಿಗೆ ಬಂದಿದೆ.’

ಎಲ್ಲರಿಗೂ ಸಂತೋಷವಾಯಿತು. ಮಲ್ಲಣ್ಣ ಮತ್ತು ಸಂಜೀವಕುಮಾರ ಒಂದು ದಂಡು, ಜೈನುದ್ದೀನ ಮತ್ತು ವಿದ್ಯಾವತಿ ಇನ್ನೊಂದು ದಂಡು ಹಂಚಿಕೊಂಡರು. ಮಾಸ್ತರು ಮಾತ್ರ ಸುತ್ತೋಲೆಯನ್ನು ಮಡಚಿ ಕಿಸೆಗಿಟ್ಟರು. ಇರಲಿ, ಕಾಗದದ ಮೇಲಿನ ಸೋಲು ಹೋದರೇನು, ಮಡ್ಡಿ ಉಳಿಯಿತಲ್ಲ ಎಂದುಕೊಂಡರು.

ತಾಲೀಮು ಶುರುವಾದ ಮೇಲೆ ಹೊಸ ತಕರಾರು ಎದ್ದಿತು. ಸೈನಿಕರು ಬಿದ್ದು ಸಾಯುವುದನ್ನು ಕಂಡು ವಿದ್ಯಾವತಿ ಅಕ್ಕಾರು ಕುರ್ಚಿಯಿಂದ ಎದ್ದರು.

“ಯಾರೂ ಸಾಯೂಹಂಗಿಲ್ರಿ! ನಮ್ಮದು ಮದವಿ ಜವಳಿ ಅಂಗಡಿ. ಹೆಣದ ಮ್ಯಾಲ ನಮ್ಮ ಪೇಟಾ ಕಂಡ್ರ ನಾಳೆ ಯಾರ ಬರತಾರ್ರಿ ಜವಳಿಗಿ?”

“ಅಕ್ಕಾರ, ಕಾಳಗ ಅಂದ್ರ ಒಬ್ಬರರ ಸಾಯಬೇಕಾಗತೈತಿ,” ಎಂದರು ಮಾಸ್ತರು.

“ಯಾಕ ಸಾಯಬೇಕ್ರಿ? ಎರಡೂ ಕಡೆದವ್ರೂ ಗೆದ್ದಾರ. ಗೆದ್ದ ಮ್ಯಾಲ ಯಾರ ಸಾಯತಾರ?”

ಸಾಹೇಬರು ಇದಕ್ಕೂ ಸುತ್ತೋಲೆ ಹೊರಡಿಸಿದರು: ‘ಸದರಿ ಕಾಳಗದಲ್ಲಿ ಯಾವುದೇ ಪ್ರಾಣಹಾನಿ ಸಂಭವಿಸಿರುವುದಿಲ್ಲ.’ ಈ ಸುತ್ತೋಲೆಯನ್ನು ಬರೆಯುವಾಗ ಅವರ ಮುಖದ ಮೇಲೆ ಸಣ್ಣ ನಗೆಯೊಂದು ಮೂಡಿತೆಂದು ಕಚೇರಿಯವರು ಹೇಳುತ್ತಾರೆ. ಆ ನಗೆಯ ಅರ್ಥ ಉತ್ಸವದ ದಿನ ಗೊತ್ತಾಯಿತು.

ಅಂದು ಮಡ್ಡಿ ತುಂಬ ಮಂದಿ. ಎರಡೂ ದಂಡುಗಳು ಎದುರಾಬದುರಾ ಬಂದು, ಒಬ್ಬರಿಗೊಬ್ಬರು ನಿಂಬೆ ಶರಬತ್ತು ಕೊಟ್ಟು, ಟ್ರ್ಯಾಕ್ಟರಿನಲ್ಲಿ ಒಂದು ಸುತ್ತು ಹೊಡೆದು ಗೆದ್ದವು. ಚಪ್ಪಾಳೆಯಾಯಿತು. ಸಾಹೇಬರು ಮೈಕು ಹಿಡಿದರು.

“ಕಾಳಗ ಭಾಳ ಚಂದ ಆತು. ಈಗ ಒಂದ ಸಣ್ಣ ವಿಷಯ. ಇಲ್ಲಿ ಯಾರೂ ಸತ್ತಿಲ್ಲ ಅಂತ ಆದೇಶ ಆಗೇತಿ. ಸಾಯದವರಿಗಿ ವೀರಗಲ್ಲ ನಿಲ್ಲಸೂದು ನಿಯಮಬಾಹಿರ. ಆದ್ದರಿಂದ ಆ ಕಲ್ಲು ಅನಧಿಕೃತ. ಅನಧಿಕೃತ ಕಲ್ಲ ಬಿಟ್ರ ಈ ಮಡ್ಡಿ ಮ್ಯಾಲ ಐತಿಹಾಸಿಕ ಅನ್ನೂದು ಏನೂ ಇಲ್ಲ. ಊಟ ಆದ ಮ್ಯಾಲ ಕಲ್ಲ ತಗಸ್ತೇವಿ, ಗೋದಾಮಿನ ಭೂಮಿಪೂಜಿ ಮಾಡತೇವಿ. ಎಲ್ಲಾರೂ ನಿಂತು ಹೋಗಬೇಕು.”

ಅಳಿಯ ಶಾಮಿಯಾನದ ಹಿಂದೆ ಜೆಸಿಬಿ ಸಹಿತ ನಿಂತಿದ್ದ. ಮಾಸ್ತರು ಸೋಲನ್ನು ಬಿಟ್ಟುಕೊಟ್ಟರು, ಸಾವನ್ನೂ ಬಿಟ್ಟುಕೊಟ್ಟರು. ಈಗ ಮಡ್ಡಿಯೂ ಹೊರಟಿತ್ತು.

ಹೆಂಗಸರ ಸಾಲಿನಿಂದ ಶೆಟ್ಟೆವ್ವ ಎದ್ದಳು. ಶೆಟ್ಟೆವ್ವ ಬರಮಣ್ಣನ ಮನೆತನದವಳು. ನೀರಾವರಿ ಹೊಲ, ಎರಡು ಟ್ರ್ಯಾಕ್ಟರು, ಸುತ್ತಲಿನ ಎಲ್ಲ ಕೋರ್ಟುಗಳಲ್ಲಿ ಒಂದೊಂದು ದಾವೆ ಇರುವ ಯಜಮಾನತಿ. ಅವಳೊಡನೆ ಬದುವಿನ ಜಗಳ ಮಾಡಿ ಗೆದ್ದವರು ಆ ಸೀಮೆಯಲ್ಲಿ ಇಲ್ಲ.

“ಸಾಹೇಬ, ಒಂದ ಮಾತ ಖಾತ್ರಿ ಮಾಡಪಾ. ನಮ್ಮ ಅಜ್ಜ ಬರಮಣ್ಣ ಕಾಳಗದಾಗ ಸತ್ತಿಲ್ಲ?”

“ಸತ್ತಿಲ್ಲ ಯವ್ವಾ. ಸರಕಾರದ ಆದೇಶ.”

“ಮುಂದ ಎಂದರ ಸತ್ತಾನೇನು?”

ಸಾಹೇಬರು ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ತಲೆಯಾಡಿಸಿದ. ಮುಂದೆ ಸತ್ತದ್ದಕ್ಕೆ ಯಾವ ದಾಖಲೆಯೂ ಇರಲಿಲ್ಲ.

“ಹಂಗಾದ್ರ ಈ ಮಡ್ಡಿ ನಿಮ್ಮದ ಹ್ಯಾಂಗಾತು?” ಎಂದಳು ಶೆಟ್ಟೆವ್ವ. “ಕೆಳಗಿನ ವಾಡೆದ ದೇಸಾಯಿ ನಮ್ಮ ಅಜ್ಜಗ ಜೀವ ಇರೂತನಕಾ ಉಣ್ಣು ಅಂತ ಕೊಟ್ಟ ಮಡ್ಡಿ ಇದು. ಅಂವ ಸತ್ತಾನಂತ ಹೇಳಿ ನಿಮ್ಮ ಸರಕಾರ ಇಸಗೊಂಡೈತಿ. ನಾ ಹತ್ತ ವರ್ಷ ದಾವೆ ಹಾಕಿ, ‘ಸತ್ತಾನವ್ವಾ’ ಅಂತ ಜಡ್ಜ ಹೇಳಿದ ಮ್ಯಾಲ ಸುಮ್ಮನಾಗೇನಿ. ಈಗ ನೀನ ಅವನ್ನ ಎಬಿಸಿದಿ. ಎಬಿಸಿದ ಮ್ಯಾಲ ಅವನ ಹೊಲ ಅವಗ ಕೊಡು. ಇಷ್ಟ ವರ್ಷದ ವಯಸ್ಸಾದವರ ಪಗಾರಾನೂ ಕೊಡು.”

ಸಾಹೇಬರು ಬೆವರು ಒರೆಸಿಕೊಂಡರು. ಆದೇಶವನ್ನು ಹಿಂತೆಗೆದುಕೊಂಡರೆ ಬರಮಣ್ಣ ಸಾಯುತ್ತಾನೆ; ಅವನು ಸತ್ತರೆ ಒಂದು ದಂಡು ಸೋಲುತ್ತದೆ. ನಾಲ್ವರು ಪ್ರಾಯೋಜಕರೂ ಮುಂದಿನ ಸಾಲಿನಲ್ಲೇ ಕೂತಿದ್ದರು. ವಿದ್ಯಾವತಿ ಅಕ್ಕಾರು ಕಣ್ಣು ಮಿಟುಕಿಸದೆ ಸಾಹೇಬರನ್ನೇ ನೋಡುತ್ತಿದ್ದರು.

“ಹಂಗ ಬಾಯಿಮಾತಿಲೆ ಆಗೂದಿಲ್ಲ,” ಎಂದರು ಸಾಹೇಬರು ಕೊನೆಗೆ. “ಬರಮಣ್ಣ ಜೀವಂತ ಅದಾನಂತ ಯಾರರ ಗೊತ್ತಿದ್ದವರು ಪ್ರಮಾಣ ಮಾಡಿ ಹೇಳಬೇಕು. ಇತಿಹಾಸ ಬಲ್ಲವರ ಹೇಳಬೇಕು.”

ಎಲ್ಲರ ಮುಖ ರಾಚಪ್ಪ ಮಾಸ್ತರ ಕಡೆ ತಿರುಗಿತು. ಇಸವಿ ತಪ್ಪಿ ಹೇಳಿದ ಹುಡುಗರ ಕಿವಿಯನ್ನು ಮೂವತ್ತು ವರ್ಷ ಹಿಂಡಿದ ಮನುಷ್ಯ. ಹಿಂದೆ ಜೆಸಿಬಿ ಗುರುಗುಟ್ಟುತ್ತಿತ್ತು. ಮಾಸ್ತರು ಕಲ್ಲಿನ ಕಡೆ ಒಮ್ಮೆ ನೋಡಿ, ಮೈಕಿನ ಮುಂದೆ ಬಂದು ನಿಂತರು.

“ಅದಾನ್ರಿ. ದಿನಾ ಮುಂಜಾನಿ ಭೆಟ್ಟಿ ಆಗತೇನಿ.”

“ಮಾತಾಡತಾನ?”

“ಮಾತ ಕಮ್ಮಿರಿ. ಆದ್ರ ಹೋದಾಗೆಲ್ಲಾ ಇರತಾನ.”

ಇಷ್ಟಾದ ಮೇಲೆ ಉಳಿದದ್ದು ವಿಧಿವಿಧಾನ. ಜೀವಂತ ಮಾಲೀಕನ ಜಾಗದಲ್ಲಿ ಗೋದಾಮು ಕಟ್ಟಬೇಕಾದರೆ ಅವನ ಹೆಬ್ಬೆಟ್ಟು ಬೇಕು. ಗುಮಾಸ್ತ ಶಾಯಿಯ ಡಬ್ಬಿ ಹಿಡಿದು ಕಲ್ಲಿನ ಮುಂದೆ ಸಾಕಷ್ಟು ಹೊತ್ತು ನಿಂತ. ‘ಸದರಿ ಬರಮಣ್ಣನು ಹಾಜರಿದ್ದು, ಹೆಬ್ಬೆಟ್ಟು ಒತ್ತಲು ನಿರಾಕರಿಸಿದನು’ ಎಂದು ಪಂಚರ ಸಮಕ್ಷಮ ಬರೆದುಕೊಂಡರು. ಗೋದಾಮು ರದ್ದಾಯಿತು. ನಾನೂರು ವರ್ಷದ ವೃದ್ಧ ಬಿಸಿಲಲ್ಲಿ ನಿಂತಿರುವುದು ಸರಕಾರಕ್ಕೆ ಶೋಭೆಯಲ್ಲವೆಂದು ಅವನಿಗೊಂದು ಪಕ್ಕಾ ಮನೆ ಮಂಜೂರಾಯಿತು. ಗುತ್ತಿಗೆ ಸಾಹೇಬರ ಅಳಿಯನಿಗೇ ಹೋಯಿತು, ಜೆಸಿಬಿ ಹೇಗೂ ಬಂದಿತ್ತಲ್ಲ. ವೃದ್ಧಾಪ್ಯ ವೇತನದ ಬಗ್ಗೆ ಶೆಟ್ಟೆವ್ವನ ಅರ್ಜಿ ಪರಿಶೀಲನೆಯಲ್ಲಿದೆ. ಫಲಾನುಭವಿಯ ವಯಸ್ಸು ಅರವತ್ತೈದು ದಾಟಿದೆಯೆಂದು ಮೊದಲ ಹಂತದಲ್ಲಿ ಒಪ್ಪಿದ್ದಾರೆ.

ಪ್ರಾಯೋಜಕರಂತೂ ಉಬ್ಬಿಹೋದರು. “ನಮ್ಮ ಶರಬತ್ತ ಕುಡದ ನಾನೂರ ವರ್ಷ ಬದುಕ್ಯಾನ ಅಂತ ಬೋರ್ಡ ಹಾಕಸ್ತೇನಿ,” ಎಂದ ಮಲ್ಲಣ್ಣ. “ಅಂವ ನಮ್ಮ ಮೊದಲನೇ ಬ್ಯಾಚಿನಾಂವ,” ಎಂದ ಸಂಜೀವಕುಮಾರ. ಜೈನುದ್ದೀನ ಸಾಹೇಬರು ಬರಮಣ್ಣನ ಹೆಸರಿಗೆ ಸುಲಭ ಕಂತಿನ ಮೇಲೆ ಟ್ರ್ಯಾಕ್ಟರು ಕೊಡಲು ಮುಂದೆ ಬಂದರು. ವಿದ್ಯಾವತಿ ಅಕ್ಕಾರು ಕಲ್ಲಿಗೆ ಜರಿಯಂಚಿನ ಪೇಟ ಸುತ್ತಿಸಿ, ಮದುವೆಯಾಗಿದೆಯೋ ಇಲ್ಲವೋ ವಿಚಾರಿಸಿದರು.

ಸಂಜೆಗೆ ಫಲಕ ನಿಂತಿತು. ‘ಸಂರಕ್ಷಿತ ರಣಭೂಮಿ. ಇಲ್ಲಿ ನಡೆದ ಘೋರ ಕಾಳಗದಲ್ಲಿ ಎಲ್ಲರೂ ಗೆದ್ದರು, ಯಾರೂ ಸಾಯಲಿಲ್ಲ.’ ರಾಚಪ್ಪ ಮಾಸ್ತರು ಅದನ್ನು ಎರಡು ಸಲ ಓದಿದರು, ಕಾಗುಣಿತ ಸರಿಯಿದೆಯೆಂದರು. ಜನ ಪಾದರಕ್ಷೆ ಬಿಟ್ಟು ಸಾಲಾಗಿ ಬಂದು ಕೈಮುಗಿದರು, ಕೆಲವರು ಬರಮಣ್ಣನ ಆರೋಗ್ಯ ವಿಚಾರಿಸಿದರು, ಚೆನ್ನಾಗಿದ್ದಾನೆಂದು ಮಾಸ್ತರೇ ಉತ್ತರ ಕೊಟ್ಟರು. ಆ ದಿನ ಎರಡು ಸಾವಿರದ ಇಪ್ಪತ್ನಾಲ್ಕನೆಯ ಇಸವಿಯ ಫೆಬ್ರವರಿ ಹನ್ನೊಂದನೆಯ ತಾರೀಖು, ರವಿವಾರ.