ಅತ್ತೆಯ ಹಳೆಯ ನೀರು

ಒಂದು ಮುಂಜಾನೆ ಇಡೀ ಓಣಿಯ ನೀರನ್ನು ಗಟಾರಕ್ಕೆ ಚೆಲ್ಲಿಸಿದವನು ನಾನೇ, ಅದೂ ನಮ್ಮ ಅತ್ತೆಯ ಧ್ವನಿಯಲ್ಲಿ ಕೂಗಿ. ಮೊದಲೇ ಒಪ್ಪಿಕೊಂಡುಬಿಟ್ಟರೆ ಆಮೇಲೆ ಅತ್ತೆಯನ್ನು ನಿಶ್ಚಿಂತೆಯಿಂದ ಆಡಿಕೊಳ್ಳಬಹುದು.

ಒಂದು ಕೊಡ ನೀರು ಎಷ್ಟು ಸಲ ಉಪಯೋಗಕ್ಕೆ ಬರುತ್ತದೆ? ಹುಬ್ಬಳ್ಳಿಯಲ್ಲಿ ಇದನ್ನು ನಮ್ಮ ಅತ್ತೆಯನ್ನೇ ಕೇಳಬೇಕು. ಅಕ್ಕಿ ತೊಳೆದದ್ದು ಕರಿಬೇವಿಗೆ, ಬಟ್ಟೆ ಹಿಂಡಿದ್ದು ಪಡಸಾಲೆ ಒರೆಸಲು, ಒರೆಸಿದ್ದು ನುಗ್ಗೆ ಗಿಡಕ್ಕೆ. ಅವಳ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ನಾನು ಸ್ನಾನ ಮಾಡಿದ ನೀರನ್ನು ಮಾತ್ರ ಅವಳು ಯಾವ ಗಿಡಕ್ಕೂ ಬಿಡುತ್ತಿರಲಿಲ್ಲ. "ಗಿಡಾನೂ ನಿನ್ನಂಗ ಮಂದೀನ ಅಣಕಸಾಕ ಹತ್ತಿದ್ರ ಏನ್ ಮಾಡೂದು?" ಎನ್ನುತ್ತಿದ್ದಳು.

ದುರ್ಗದಬೈಲಿನ ಪೇಟೆಯಿಂದ ಬೆವರಿ ಬಂದ ನೆಂಟರಿಗೂ ಅರ್ಧ ಲೋಟವೇ. "ಕುಡೀರಿ, ಮತ್ತ ಕೇಳ್ರಿ, ನಾ ಇಲ್ಲೇ ನಿಂತೇನಿ." ಲೋಟದ ತಳ ಕಾಣುವವರೆಗೆ ನಿಂತೇ ಇರುತ್ತಿದ್ದಳು, ಪರೀಕ್ಷೆ ಕಾಯುವ ಮಾಸ್ತರರ ಹಾಗೆ.

ತೊಂಬತ್ತರ ದಶಕದ ಕೊನೆಗೆ ನಮ್ಮ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು. ಹೊಸ ನೀರು ಬಂತೆಂದರೆ ಮನೆಯಲ್ಲಿದ್ದದ್ದು ಒಮ್ಮೆಲೇ ಹಳೆಯದಾಯಿತು. ಓಣಿಯ ಹೆಂಗಸರು ಕೊಡ, ಬ್ಯಾರಲ್ ಎಲ್ಲ ಬೋರಲು ಹಾಕಿ ತಿಕ್ಕುವರು. ಅತ್ತೆಯೊಬ್ಬಳೇ ಚೆಲ್ಲುತ್ತಿರಲಿಲ್ಲ. "ನಿನ್ನಿ ತನಕಾ ಕುಡದೇವಿ. ಇವತ್ತ ಆ ನೀರು ಏನ್ ತಪ್ಪ ಮಾಡ್ಯಾವು?" ಓಣಿ ಅವಳಿಗೆ 'ಹಳೇನೀರವ್ವ' ಎಂದು ಹೆಸರಿಟ್ಟಿತು. ಸರಿಯಾಗಿ ಹೇಳುವುದಾದರೆ, ಇಟ್ಟವನು ನಾನು.

ಓಣಿಯ ಮೊದಲ ನಳ ನಮ್ಮದು. ನೀರು ಬಂದೊಡನೆ ಅತ್ತೆ ಕೂಗಬೇಕು, ಉಳಿದವರು ಏಳಬೇಕು. ನೀರಿನ ಸರದಿಯಿದ್ದ ಆ ಮುಂಜಾನೆ, ನಳ ಇನ್ನೂ ಒಣಗಿದ್ದಾಗಲೇ, ಗೋಡೆಯ ಮರೆಯಲ್ಲಿ ನಿಂತು ಅವಳಂತೆಯೇ ಎಳೆದು ಕೂಗಿದೆ: "ನೀರ ಬಂದಾವ್ರೀ, ತುಂಬ್ಕೋರೀ!"

ಗಟಾರ ಹೊಳೆಯಾಯಿತು. ನನಗೆ ನಕ್ಕು ನಕ್ಕು ಹೊಟ್ಟೆ ನೋವು. ಆದರೆ ಅವತ್ತು ಹತ್ತು ಗಂಟೆಯಾದರೂ ನಳಕ್ಕೆ ನೀರು ಬರಲಿಲ್ಲ.

ಆಗ ಎದುರುಮನೆಯ ಕಾಕು ಅಳುತ್ತ ಬಂದಳು. ಅವಳ ಮಗಳನ್ನು ನೋಡಲು ಗರಗದಿಂದ ಗಂಡಿನವರು ಇನ್ನೊಂದು ತಾಸಿನಲ್ಲಿ ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು.

"ನೀವು ಕೂಗಿದ್ರಿ ಅಂತ ಎಲ್ಲಾ ಚೆಲ್ಲೀನ್ರಿ ಅಕ್ಕಾರ. ಬಂದವರ ಕೈಕಾಲಿಗೆ ಕೊಡಾಕ ಒಂದ್ ತಂಬಿಗಿ ನೀರಿಲ್ಲ."

ಅತ್ತೆ ನನ್ನನ್ನು ನೋಡಿದಳು. ನಾನು ಕರಿಬೇವಿನ ಗಿಡವನ್ನು ನೋಡಿದೆ.

"ಹೌದು ತಂಗಿ, ನಾನ ಕೂಗಿದ್ದು. ತಪ್ಪು ನಂದು," ಎಂದಳು ಅತ್ತೆ. "ಅಳಬ್ಯಾಡ. ನನ್ನ ಹಳೇ ನೀರು ನಡೀತಾವೇನು?"

ನಡೆದವು. ಕೊಡ ಕೊಡವಾಗಿ ಎರಡು ಬ್ಯಾರಲ್ ನೀರು ಹೊತ್ತವನು ನಾನು. ಸಂಜೆಗೆ ನನ್ನ ಕುತ್ತಿಗೆ ಭುಜದೊಳಗೆ ಇಳಿದಿತ್ತು. ಗಂಡಿನವರು ಕೈಕಾಲು ತೊಳೆದರು, ಉಪ್ಪಿಟ್ಟು ತಿಂದರು, ಚಹಾ ಕುಡಿದರು. ಗಂಡಿನ ಅಜ್ಜ, "ಹುಬ್ಬಳ್ಳಿ ನೀರು ಭಾಳ ರುಚಿ ಅದಾವ್ರಿ," ಎಂದು ಇನ್ನೊಂದು ಲೋಟ ಕೇಳಿದರು. ಅತ್ತೆ ಅವರಿಗೂ ಅರ್ಧವೇ ಕೊಟ್ಟಳು. ಸಂಬಂಧ ಅಲ್ಲಿಯೇ ಗಟ್ಟಿಯಾಯಿತು. ಮುಂದಿನ ಸರದಿಗೆ ನೀರು ಬಂದಾಗ ನಮ್ಮ ಓಣಿಯಲ್ಲಿ ಒಂದು ಕೊಡವೂ ಬೋರಲಾಗಲಿಲ್ಲ.

ಅವತ್ತು ಧೈರ್ಯ ಮಾಡಿ ಕೇಳಿದೆ: "ಅತ್ತಿ, ಕೂಗಿದ್ದು ನಾ ಅಂತ ಗೊತ್ತಿತ್ತಲ್ಲ. ನಿನ್ನ ಮ್ಯಾಲ ಯಾಕ ಹಾಕ್ಕೊಂಡಿ?"

ನಾನು ಕುಡಿದು ಲೋಟದಲ್ಲಿ ಉಳಿಸಿದ್ದ ಗುಟುಕು ನೀರನ್ನು ಕರಿಬೇವಿಗೆ ಹಾಕುತ್ತ ಅತ್ತೆ ಹೇಳಿದಳು: "ಖರೇ ಹೇಳಿದ್ರ ಅವರೆಲ್ಲಾ ಕೂಡಿ ನಿನ್ನ ಬಾಯಿ ಮುಚ್ಚಿಸಿಬಿಡ್ತಿದ್ರು. ಓಣಿಗೆ ಓಣೀನ ನಂಬೂವಂಥಾ ಧ್ವನಿ ಅದು, ಮಂಗ್ಯಾ. ಗಟಾರಕ್ಕ ಚೆಲ್ಲೂದೇನು?"