ಪಂಪಾಪತಿಯ ಸೊಂಟವೂ ಓಣಿಯ ಮರ್ಯಾದೆಯೂ

ಸಿಂಧನೂರಿನ ಮಿಲ್ಲುಗಳಿಂದ ಅಕ್ಕಿ ಚೀಲ ಹೇರಿಕೊಂಡು ಮಸ್ಕಿ, ಲಿಂಗಸುಗೂರಿನ ಅಂಗಡಿಗಳಿಗೆ ಹಾಕುವ ಗೂಡ್ಸ್ ಗಾಡಿಯ ಡ್ರೈವರ್ ಪಂಪಾಪತಿ. ಹಮಾಲರು ಕೈಕೊಟ್ಟ ದಿನ ತಾನೇ ಚೀಲ ಹೊತ್ತು ಇಳಿಸಿದ ಗಂಡು. ಅಂಥವನ ಸೊಂಟ ಹಿಡಿದದ್ದು ಮಾತ್ರ ಒಂದು ಮಿರ್ಚಿ ಬಜ್ಜಿಯ ದೆಸೆಯಿಂದ. ತಟ್ಟೆಯಿಂದ ಜಾರಿ ಬಿದ್ದ ಬಜ್ಜಿಯನ್ನು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎತ್ತಿಕೊಳ್ಳಲು ಬಗ್ಗಿದ. ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ. ಬಜ್ಜಿ ನಾಯಿಯ ಪಾಲಾಯಿತು, ಪಂಪಾಪತಿ ಚಾಪೆಯ ಪಾಲಾದ.

ಬೆನ್ನಿನ ಡಿಸ್ಕ್ ಸರಿದಿದೆ, ಆರು ತಿಂಗಳು ಸ್ಟೇರಿಂಗ್ ಮುಟ್ಟುವಂತಿಲ್ಲ ಎಂದರು ಡಾಕ್ಟರು. ಗಾಡಿಯ ಮಾಲೀಕ ಸಂಜೆಯೊಳಗೇ ಬೇರೆ ಡ್ರೈವರನನ್ನು ಹತ್ತಿಸಿದ. ಉಳಿದದ್ದು ಮಸ್ಕಿಯಲ್ಲಿ ಹೊಸದಾಗಿ ಕಟ್ಟಿಸಿದ ಎರಡು ಕೋಣೆಯ ಮನೆ ಮತ್ತು ಅದರ ಸಾಲ. ಪುಣ್ಯಕ್ಕೆ ಸಾಲ ಕೊಟ್ಟ ಕಂಪನಿಯ ಕರಾರಿನಲ್ಲಿ ಒಂದು ಒಳ್ಳೆಯ ಮಾತಿತ್ತು: ಕಾಯಿಲೆಯಿಂದ ದುಡಿಮೆ ನಿಂತರೆ, ಕಂಪನಿಯ ಮನುಷ್ಯ ಮನೆ ನೋಡಿ ಸಹಿ ಹಾಕಿದರೆ, ಆರು ತಿಂಗಳು ಕಂತು ಕಟ್ಟಬೇಕಾಗಿಲ್ಲ. ಸಹಿ ಬೀಳದಿದ್ದರೆ ಬಾಗಿಲಿಗೆ ನೋಟೀಸು ಬೀಳುವುದು ಗ್ಯಾರಂಟಿ.

ಆ ಮನುಷ್ಯ ಈ ಹೊತ್ತು ಲಿಂಗಸುಗೂರಿನಿಂದ ಬರುವವನಿದ್ದ. ಬಿ.ಎಡ್ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ತಂಗಿ ಶಿವಕುಮಾರಿ, ಡಾಕ್ಟರ ಚೀಟಿ ತರಲು ಮುಂಜಾನೆಯೇ ಸಿಂಧನೂರಿನ ಬಸ್ಸು ಹತ್ತಿದ್ದಳು. ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಹೆಂಡತಿ ಶೈಲಜಾ ಎದುರು ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದವಳು, ಕಂಪನಿಯವರು ಮನೆ ನೋಡಲು ಬರುವ ಸುದ್ದಿಯನ್ನೂ ಕೊಟ್ಟು ಬಂದಳು. ಅಲ್ಲಿಗೆ ಕೆಟ್ಟಿತು.

ಎದುರು ಮನೆಯ ಕಸ್ತೂರೆಮ್ಮ ಇಡೀ ಓಣಿಗೆ ಹಿರಿಯಳು. ಯಾರ ಮನೆ ನೋಡಲು ಬೀಗರು ಬಂದರೂ ಯಾರ ಎಮ್ಮೆಯನ್ನು ಯಾರ ಬಾಗಿಲಿಗೆ ಕಟ್ಟಬೇಕು, ಯಾರ ಸೋಫಾ ಯಾರ ಪಡಸಾಲೆಗೆ ಬರಬೇಕು ಎಂಬುದೆಲ್ಲ ಆಕೆಯ ಹುಕುಂ. ಆಕೆ ನಿಂತು ತೋರಿಸಿದ ಮನೆಯನ್ನು ಒಲ್ಲೆವೆಂದು ಹೋದ ಬೀಗರಿಲ್ಲ.

"ಕಂಪನ್ಯಾರು ಬರಾಕತ್ತಾರಂತಲ್ಲೋ ಪಂಪಾ! ಹಿಂಗ ಬರಿ ಮನಿ ತೋರಸ್ತೀಯೇನು?"

"ಬರಿ ಮನೀನ ತೋರಿಸಬೇಕು ದೊಡ್ಡಮ್ಮ. ದುಡಿಮಿ ಇಲ್ಲಂತ ಗೊತ್ತಾದ್ರ ಕಂತು ನಿಲ್ಲಸ್ತಾರ."

"ಹುಚ್ಚಪ್ಪ! ಇಲ್ಲದವರಿಗೆ ಇವತ್ತಿನತನ ಯಾರು ಏನ್ ಕೊಟ್ಟಾರ? ಸಾಲಾನೂ ಕೊಟ್ಟಿಲ್ಲ, ಹೆಣ್ಣೂ ಕೊಟ್ಟಿಲ್ಲ. ಓಣಿ ಮರ್ಯಾದಿ ಪ್ರಶ್ನೆ ಇದು. ನೀ ಸುಮ್ನ ಮಲಕ್ಕೊ."

ಸುಮ್ಮನೆ ಮಲಗುವುದರ ಹೊರತು ಅವನಿಗೆ ಬೇರೆ ದಾರಿಯೂ ಇರಲಿಲ್ಲ.

ಗಳಿಗೆಯೊಳಗೆ ಅದೇ ಓಣಿಯ ಮೌಲಾಸಾಬ್ ತನ್ನ ಹೊಸ ಟ್ರ್ಯಾಕ್ಟರನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದ. ಪಡಸಾಲೆಯಲ್ಲಿ ಭತ್ತದ ಚೀಲಗಳು ಮಾಳಿಗೆ ಮುಟ್ಟಿದವು. ಪಕ್ಕದ ಮನೆಯ ದುರುಗಪ್ಪ ಎಮ್ಮೆ ಹಿಡಿದುಕೊಂಡು ಬಂದಾಗ ಪಂಪಾಪತಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಕೈ ಮುಗೀತೀನಿ, ಎಮ್ಮಿ ಒಂದು ಬ್ಯಾಡ!"

ದುರುಗಪ್ಪನ ಮುಖ ಸಣ್ಣದಾಯಿತು. "ಯಾಕ, ನಮ್ಮ ಎಮ್ಮಿಗೆ ಏನಾಗೇತಿ? ಇಂಥಾದು ಇನ್ನೊಂದು ಮಸ್ಕ್ಯಾಗ ತೋರಸು ನೋಡೂಣು."

ಮಲಗಿದಲ್ಲಿಂದಲೇ ಪಂಪಾಪತಿ ಎಮ್ಮೆಯ ಕ್ಷಮೆ ಕೇಳಬೇಕಾಯಿತು. ಆಮೇಲೆ ನಾಲ್ಕು ಜನ ಸೇರಿ ಅವನನ್ನು ಎತ್ತಿ ಕಸ್ತೂರೆಮ್ಮನ ಸೋಫಾದ ಮೇಲೆ ಮಲಗಿಸಿದರು. ಅವನ ಚೀರಾಟ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು. ಮುಖಕ್ಕೆ ಪೌಡರ್ ಬಿತ್ತು, ಮೈಮೇಲೆ ರೇಷ್ಮೆ ಶಾಲು ಬಿತ್ತು. ಆರು ತಿಂಗಳ ಆಸೆ ಆ ಶಾಲಿನ ಕೆಳಗೆ ಉಸಿರುಗಟ್ಟಿ ಸಾಯುತ್ತಿದೆ ಎಂದು ಅವನಿಗೆ ಅನಿಸಿತು.

ಅಷ್ಟರಲ್ಲಿ ಕಂಪನಿಯ ಅಧಿಕಾರಿ ಸಿದ್ದಲಿಂಗೇಶ ಬೈಕಿನಲ್ಲಿ ಬಂದಿಳಿದ. ಇನ್ನೂ ಎಳೆ ಹುಡುಗ. ಟ್ರ್ಯಾಕ್ಟರ್ ನೋಡಿದ, ಎಮ್ಮೆ ನೋಡಿದ, ಚೀಲಗಳ ಸಂದಿಯಲ್ಲಿ ನುಸುಳಿ ಒಳಗೆ ಬಂದ.

"ದುಡಿಮಿ ನಿಂತೈತಿ, ಬ್ಯಾರೆ ಆದಾಯ ಇಲ್ಲ ಅಂತ ಅರ್ಜ್ಯಾಗ ಬರದೀರಿ?"

"ಹೌದ್ರಿ ಸರ್. ಇಲ್ಲಿರೋದು ಒಂದೂ ನಮ್ದಲ್ರಿ!" ಎಂದು ಪಂಪಾಪತಿ ಅಂಗಲಾಚಿದ.

"ಕೇಳಿದ್ರೇನ್ರಿ ಸಾಹೇಬ್ರ?" ಕಸ್ತೂರೆಮ್ಮ ಕಣ್ಣೊರೆಸಿಕೊಂಡಳು. "ಎಷ್ಟ ಇದ್ರೂ ನಮ್ದಲ್ಲ, ಎಲ್ಲಾ ಆ ಶಿವಂದು ಅಂತಾನ. ಅಂಥಾ ಭಕ್ತ!"

ಸಿದ್ದಲಿಂಗೇಶ ತಲೆಯಾಡಿಸಿ ಪೆನ್ನು ತೆಗೆದ. ಅರ್ಹರಲ್ಲ ಎಂದು ಬರೆಯುವುದೊಂದೇ ಬಾಕಿ. ಆಗ ಎಮ್ಮೆಯನ್ನು ಸರಿಸಿಕೊಂಡು, ಡಾಕ್ಟರ ಚೀಟಿ ಹಿಡಿದು ಶಿವಕುಮಾರಿ ಒಳಗೆ ಬಂದಳು. ಸುತ್ತ ಒಮ್ಮೆ ನೋಡಿದಳು. ಅಣ್ಣನ ಮೈಮೇಲಿನ ಶಾಲನ್ನು ಎಳೆದು ತೆಗೆದಳು.

"ಸರ್, ಟ್ರ್ಯಾಕ್ಟರ್ ಮೌಲಾಸಾಬ್ ಕಾಕಾಂದು. ಎಮ್ಮಿ ದುರುಗಪ್ಪಣ್ಣಂದು. ಸೋಫಾ, ಶಾಲು ದೊಡ್ಡಮ್ಮಂದು. ಈ ಭತ್ತ ಯಾರ್ದೋ ನನಗೂ ಗೊತ್ತಿಲ್ಲ. ಸಾಲ, ಸೊಂಟ ಎರಡೇ ನಮ್ಮವು. ಖರೇ ಅನಿಸಿದ್ರ ಸಹಿ ಮಾಡ್ರಿ, ಇಲ್ಲಂದ್ರ ಬಿಡ್ರಿ. ಸುಳ್ಳು ಹೇಳಿ ಸವಲತ್ತು ತಗೊಳ್ಳೋ ಮಂದಿ ನಾವಲ್ಲ."

"ಹೌದ್ರಿ ಸಾಹೇಬ್ರ, ಎಮ್ಮಿ ನಂದು!" ಎಂದು ದುರುಗಪ್ಪ ಹೊರಗಿನಿಂದ ಹೆಮ್ಮೆಯಿಂದ ಕೂಗಿದ.

ಸಿದ್ದಲಿಂಗೇಶ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಚೀಟಿ ಓದಿದ. ಆರು ತಿಂಗಳು ಕಂತು ಬೇಡ ಎಂದು ಬರೆದೇಬಿಟ್ಟ. ಓಣಿ ಹೋ ಎಂದಿತು, ಶೈಲಜಾ ದೇವರಿಗೆ ಕೈಮುಗಿದಳು. ಇನ್ನು ಸಹಿಯೊಂದೇ ಬಾಕಿ. ಆದರೆ ಪೆನ್ನು ಕಾಗದದ ಮೇಲೆ ನಿಂತೇ ಇತ್ತು, ಅದನ್ನು ಹಿಡಿದವನ ಕಣ್ಣು ಶಿವಕುಮಾರಿಯ ಮೇಲಿತ್ತು. ಅದು ಕಸ್ತೂರೆಮ್ಮನ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಸಾಹೇಬ್ರಿಗೆ ಮದುವಿ ಆಗೇತೇನ್ರಿ?"

"ಇಲ್ರಿ ಅಮ್ಮಾ. ಮನ್ಯಾಗ ನೋಡಾಕತ್ತಾರ."

"ದೊಡ್ಡಮ್ಮಾ, ಸಹಿ! ಮೊದ್ಲ ಸಹಿ ಆಗ್ಲಿ!" ಪಂಪಾಪತಿ ಬೊಬ್ಬೆಯಿಟ್ಟ.

ಸಿದ್ದಲಿಂಗೇಶ ಗಂಟಲು ಸರಿಮಾಡಿಕೊಂಡ. "ಖರೇ ಹೇಳ್ತೀನ್ರಿ. ಇವ್ರು ಹಂಗ ನೆಟ್ಟಗ ಮಾತಾಡಿದ್ದು ಕೇಳಿ, ಮನಿಗೆ ಇಂಥಾಕಿ ಬರಬೇಕು ಅನಿಸ್ತು. ಇವರಿಗೆ ಒಪ್ಪಿಗಿ ಇದ್ರ ನಮ್ಮ ಅವ್ವನ್ನ ಕರಕೊಂಡು ಬರ್ತೀನಿ." ಹೀಗೆಂದವನು ಪೆನ್ನಿಗೆ ಮುಚ್ಚಳ ಹಾಕಿದ. "ಆದ್ರ ಇನ್ನ ನಾ ಸಹಿ ಹಾಕೋ ಹಂಗಿಲ್ಲ. ಬೀಗರಾಗೋರ ಅರ್ಜಿಗೆ ನಾನ ಸಹಿ ಹಾಕಿದ್ರ ನ್ಯಾಯ ಆಗಂಗಿಲ್ಲ."

"ಸಹಿ ಹಾಕಿಬಿಡ್ರಿ, ಆಮ್ಯಾಲ ಅನಿಸ್ಲಿ!"

"ಆಗ್ಲೇ ಅನಿಸಿಬಿಟ್ಟೈತಲ್ರಿ."

ಪಂಪಾಪತಿ ದಿಕ್ಕುಗಾಣದೆ ತಂಗಿಯ ಕಡೆ ನೋಡಿದ. ಅವಳು ನೆಲ ನೋಡಲಿಲ್ಲ, ಕಾಲಬೆರಳಿನಿಂದ ಗೀರಲೂ ಇಲ್ಲ. "ಇವ್ರು ಸಹಿ ಹಾಕಿದ್ರ ನಾ ಒಲ್ಲೆ ಅಂತಿದ್ದೆ ಅಣ್ಣಾ. ಹಾಕಲಿಲ್ಲ. ನನಗ ಒಪ್ಪಿಗಿ ಐತಿ," ಎಂದಳು.

ಓಣಿಯಲ್ಲಿ ಹಬ್ಬವೇ ಎದ್ದಿತು. ಮೌಲಾಸಾಬ್ ಟ್ರ್ಯಾಕ್ಟರಿನ ಹಾರ್ನ್ ಒತ್ತಿ ಹಿಡಿದ, ಶೈಲಜಾ ಮನೆಯಲ್ಲಿದ್ದ ಸಕ್ಕರೆಯನ್ನೆಲ್ಲ ಹಂಚಿದಳು. ತಂದೆ ತೀರಿಕೊಂಡಂದಿನಿಂದ ತಂಗಿಯ ಮದುವೆಯ ಚಿಂತೆ ಹೊತ್ತಿದ್ದ ಪಂಪಾಪತಿಗೆ ಸಂತೋಷದಿಂದ ಅಳುವೇ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದೂ ಬಂತು. ಕಂತು ಹಾಗೆಯೇ ತಲೆಯ ಮೇಲಿತ್ತು, ಅದರ ಹಿಂದೆ ಮದುವೆಯ ಖರ್ಚೂ ಬಂದು ನಿಂತಿತ್ತು. ಸೋಫಾದಿಂದ ಎದ್ದು ಓಡಿಹೋಗಲು ಸೊಂಟವೂ ಇಲ್ಲ.

"ಚಿಂತಿ ಮಾಡಬ್ಯಾಡ್ರಿ," ಎಂದ ಸಿದ್ದಲಿಂಗೇಶ, ಆಗಲೇ ಅಳಿಯನ ಗತ್ತಿನಲ್ಲಿ. "ಬರೋ ಸೋಮವಾರ ಬ್ಯಾರೆ ಸಾಹೇಬ್ರು ಬಂದು ಮನಿ ನೋಡಿ ಸಹಿ ಹಾಕ್ತಾರ."

ಹೊರಗೆ ದುರುಗಪ್ಪ ಎಮ್ಮೆಯ ಹಗ್ಗ ಬಿಚ್ಚುತ್ತಿದ್ದ. ಕಸ್ತೂರೆಮ್ಮ ಕೈಯೆತ್ತಿ ತಡೆದಳು.

"ಏ ದುರುಗಪ್ಪಾ, ಸೋಮವಾರದತನ ಎಮ್ಮಿ ಅಲ್ಲೇ ಇರ್ಲಿ. ನಿನ್ನ ಮಗಳು ಅಂಬಿಕಾಗ ಒಂದು ಚಲೋ ಸೀರಿ ಉಟ್ಟಿರಾಕ ಹೇಳು." ಆಮೇಲೆ ಹೊಸ ಅಳಿಯನ ಕಡೆ ತಿರುಗಿದಳು. "ಆ ಬರೋ ಸಾಹೇಬ್ರಿಗೆ ಮದುವಿ ಆಗೇತೇನಪ್ಪಾ?"