ಬಿಳಿ ಕ್ಯಾನ್ವಾಸಿಗೆ ಕುಂಕುಮ

ಕಲಾವಿದರನ್ನು ಪ್ರೋತ್ಸಾಹಿಸಲು ಬೇಕಾದ ಸಕಲ ಅರ್ಹತೆಗಳೂ ನನಗಿದ್ದವು: ವಡೋದರೆಯ ಮಂಜಲ್‌ಪುರದಲ್ಲಿ ವಿಮಾ ಕಂಪನಿ ಕೊಟ್ಟ ಫ್ಲ್ಯಾಟು, ಅದರಲ್ಲೊಂದು ದೊಡ್ಡ ಹಾಲ್, ಮತ್ತು ಗೋಡೆಯಲ್ಲಿ ಒಂಬತ್ತು ಮೊಳೆ!

ಕಿಂಜಲ್ ನಮ್ಮ ಮೇಲಿನ ಮಹಡಿಯ ಹುಡುಗಿ. ಊರು ಸೂರತ್‌ನ ವರಾಛಾ. ಅಪ್ಪ ವಜ್ರಕ್ಕೆ ಪಾಲಿಶ್ ಹಾಕುವವರು. ಇಲ್ಲೇ ಚಿತ್ರಕಲೆ ಓದಿದಳು. ಗ್ಯಾಲರಿಯವರು "ಮೊದಲು ಹೆಸರು ಮಾಡಿ, ಆಮೇಲೆ ಪ್ರದರ್ಶನ" ಎಂದರಂತೆ. ಹೆಸರು ಮಾಡುವುದು ಹೇಗೆಂದರೆ "ಪ್ರದರ್ಶನದಿಂದ" ಎಂದರಂತೆ! ಅಪ್ಪನೂ ಗಡುವು ಕೊಟ್ಟಿದ್ದರು. ದೀಪಾವಳಿಯೊಳಗೆ ದಾರಿ ಕಾಣದಿದ್ದರೆ ವಾಪಸ್ ಬಂದು ವಜ್ರದ ಕಾರ್ಖಾನೆಯ ಆಫೀಸಿನಲ್ಲಿ ಕೂರಬೇಕು.

"ನಮ್ಮ ಹಾಲ್‌ನಲ್ಲೇ ಇಡಮ್ಮ!" ಎಂದು ಘೋಷಿಸಿದೆ. ಹೊಸಬರಿಗೆಂದೇ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸುವ ಅಹಮದಾಬಾದಿನ ಮೇಡಂ ಒಬ್ಬರು ಭಾನುವಾರ ಬಂದು ನೋಡಲು ಒಪ್ಪಿದರು.

ಶನಿವಾರ ಸಂಜೆ ಒಂಬತ್ತು ಕ್ಯಾನ್ವಾಸು ಗೋಡೆಗೇರಿದವು. ಒಂಬತ್ತೂ ಬಿಳಿ. ಅಪ್ಪಟ ಬಿಳಿ. ಪಾಪ, ಬಣ್ಣ ಸಾಲದೆ ಹೋಯಿತೇನೋ ಎಂದುಕೊಂಡೆ, ಕೇಳುವುದು ಸಭ್ಯತೆಯಲ್ಲ.

ಮರುದಿನ ಮೇಡಂರನ್ನು ಕರೆತರಲು ಕಿಂಜಲ್ ಸ್ಟೇಷನ್ನಿಗೆ ಹೋದಳು. ನಾನು ಸ್ನಾನ ಮಾಡಿ ಪಂಚೆಯುಟ್ಟು ಪೂಜೆಗೆ ಸಿದ್ಧನಾದೆ. ನಮ್ಮ ದಾವಣಗೆರೆಯಲ್ಲಿ ಆಯುಧಪೂಜೆಗೆ ಲಾರಿಯಿಂದ ಸ್ಟೇಪ್ಲರ್‌ವರೆಗೆ ಎಲ್ಲಕ್ಕೂ ಕುಂಕುಮವಿಡುತ್ತೇವೆ. ನಮ್ಮ ಮನೆಯ ಮಿಕ್ಸಿ ಕೂಡ ಬೊಟ್ಟಿಲ್ಲದೆ ತಿರುಗಿದ್ದಿಲ್ಲ. ಒಂದು ಹುಡುಗಿಯ ಭವಿಷ್ಯ ಹಾಗೇ ಬೋಳಾಗಿ ತೂಗಾಡುವುದೇ?

ವಿಭೂತಿ ಬಿಳಿಯ ಮೇಲೆ ಕಾಣಲಿಲ್ಲ. ಕುಂಕುಮ ಕಲಸಿ ದೊಡ್ಡದಾಗಿಯೇ ಇಟ್ಟೆ. ಒಂದು, ಎರಡು, ಎಂಟು! ಒಂಬತ್ತನೆಯದಕ್ಕೆ ಒಂದಿಂಚು ದೂರದಲ್ಲಿ ಹೆಬ್ಬೆರಳಿತ್ತು.

"ಏನ್ರೀ ಮಾಡ್ತಿದೀರಿ!" ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಸುಮಾ ಕೂಗಿದಳು.

"ಪೂಜೆ."

"ಅದು ಚಿತ್ರ ಕಣ್ರೀ, ಸ್ಕೂಟರ್ ಅಲ್ಲ!"

"ಚಿತ್ರ ಎಲ್ಲೈತೆ? ಬರೀ ಬಿಳಿ."

"ಪಕ್ಕದಿಂದ ನೋಡ್ರಿ!"

ನೋಡಿದೆ. ಬಿಳಿಯೊಳಗಿಂದ ವಜ್ರದ ಪುಡಿಯ ಮಿನುಗಿನಲ್ಲಿ ಒಬ್ಬ ಮನುಷ್ಯನ ಬಾಗಿದ ಬೆನ್ನು ಎದ್ದು ಬಂತು. ಸಾಣೆಚಕ್ರ, ಬೆರಳುಗಳು. ಕಿಂಜಲ್‌ಳ ಅಪ್ಪ. ಅವರ ಬೆನ್ನಿನ ನಟ್ಟನಡುವೆ ನನ್ನ ಕುಂಕುಮ!

ಕೂಗು ಕೇಳಿ ಎದುರುಮನೆಯ ಹಸ್ಮುಖಭಾಯಿ ಓಡಿ ಬಂದರು. "ಅರೆ ಸಾಹೇಬ್, ಟೆನ್ಶನ್ ನಹೀಂ! ಒದ್ದೆ ಬಟ್ಟೆ ತನ್ನಿ." ಒರೆಸಿದೆವು. ಬೊಟ್ಟು ಸೂರ್ಯನಾಯಿತು, ಸೂರ್ಯ ಸೂರ್ಯಾಸ್ತವಾಯಿತು. "ಪೌಡರ್ ಹಾಕಿ," ಎಂದರು. ಹಾಕಿದೆ. ಸೂರ್ಯಾಸ್ತಕ್ಕೆ ಮಲ್ಲಿಗೆಯ ಪರಿಮಳ ಬಂತು. ಎಂಟಕ್ಕೂ!

ಬೆಲ್ ಆಯಿತು.

ಕಿಂಜಲ್ ಗೋಡೆ ನೋಡಿದಳು. ಅಳಲಿಲ್ಲ. ಅದೇ ಭಯಂಕರ! ಅಪಾಯವನ್ನು ಅಂದಾಜು ಮಾಡುವುದೇ ನನ್ನ ಉದ್ಯೋಗ. ಬೆಂಕಿ ಬಿದ್ದ ಗೋದಾಮುಗಳಿಗೆ ಹೋಗಿ ಬಂದವನು. ಆದರೂ ಕುಂಕುಮ ಮೆತ್ತಿದ ಹೆಬ್ಬೆರಳನ್ನು ಪಂಚೆಯ ಮಡಿಕೆಯಲ್ಲಿ ಬಚ್ಚಿಟ್ಟೆ.

"ಇದೇನು?" ಎಂದರು ಮೇಡಂ.

"ಸಮಕಾಲೀನ ಕಲೆಯಲ್ಲಿ..." ಎಂದು ಆರಂಭಿಸಿದೆ. ಸುಮಾ ನನ್ನ ಕಾಲು ತುಳಿದಳು.

"ಅಂಕಲ್ ಪೂಜೆ ಮಾಡಿದಾರೆ," ಎಂದಳು ಕಿಂಜಲ್. "ಇವು ನನ್ನವಲ್ಲ, ಮೇಡಂ. ಈಗ ನನ್ನದು ಇದೊಂದೇ." ಒಂಬತ್ತನೆಯದನ್ನು ತೋರಿಸಿದಳು.

ಮೇಡಂ ಅದನ್ನು ಎದುರಿನಿಂದ ನೋಡಿದರು, ಪಕ್ಕದಿಂದ ನೋಡಿದರು, ಕೊನೆಗೆ ನೆಲದ ಮೇಲೆ ಕೂತು ನೋಡಿದರು. ಅರ್ಧ ಗಂಟೆ! 

"ಉಳಿದ ಎಂಟನ್ನು ಮತ್ತೆ ಮಾಡೋಕೆ ಎಷ್ಟು ದಿನ ಬೇಕು?"

"ನಾಲ್ಕು ತಿಂಗಳು."

"ಹಾಗಾದರೆ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಇಡೋಣ. ನಿನ್ನೊಬ್ಬಳದೇ."

ಆಗ ಅತ್ತಳು ಕಿಂಜಲ್. ನಾನೂ ಅತ್ತೆ. ನನ್ನನ್ನು ಯಾರೂ ಸಮಾಧಾನ ಮಾಡಲಿಲ್ಲ!

ಫೆಬ್ರವರಿಯಲ್ಲಿ ಹೋದೆವು. ವರಾಛಾದಿಂದ ಬಂದ ಅಪ್ಪ, ಯಾರೂ ಹೇಳದೆಯೇ, ಕಲ್ಲನ್ನು ಪರೀಕ್ಷಿಸುವವರಂತೆ ಕತ್ತು ವಾಲಿಸಿ ಪ್ರತಿ ಚಿತ್ರವನ್ನೂ ಪಕ್ಕದಿಂದ ನೋಡಿದರು. ಆಮೇಲೆ ಮಗಳ ತಲೆ ಮೇಲೆ ಕೈಯಿಟ್ಟರು.

ಕಿಂಜಲ್ ನನ್ನನ್ನು ಪ್ರದರ್ಶನದ ಹಾಲ್‌ನ ನಟ್ಟನಡುವೆ, ಎಲ್ಲ ಗೋಡೆಗಳಿಂದಲೂ ಸಮಾನ ದೂರದಲ್ಲಿ, ಕುರ್ಚಿ ಹಾಕಿ ಕೂರಿಸಿದಳು. ಒಂದು ಕೈಗೆ ಚಹಾ, ಇನ್ನೊಂದಕ್ಕೆ ಕಡಲೆಹಿಟ್ಟಿನ ಗರಿಗರಿ ಫಾಫಡಾ ತಟ್ಟೆ. ಚಹಾ ಮುಗಿದರೆ ಮತ್ತೊಂದು ಕಪ್, ತಟ್ಟೆ ಖಾಲಿಯಾದರೆ ಮತ್ತೊಂದು ತಟ್ಟೆ.

"ಎಷ್ಟು ಮರ್ಯಾದೆ ನೋಡು!" ಎಂದೆ ಸುಮಾಗೆ, ನಾಲ್ಕನೆಯ ಕಪ್ ಹಿಡಿದು.

"ಮರ್ಯಾದೆ ಅಲ್ಲ ರೀ. ನಿಮ್ಮ ಯಾವ ಕೈಯೂ ಖಾಲಿ ಇರಬಾರದು ಅಂತ ಹೇಳಿಟ್ಟಿದಾಳೆ."

ತೆಪ್ಪಗೆ ಐದನೆಯದನ್ನೂ ಕುಡಿದೆ.